ನೂರ ನಲವತ್ತನಾಲ್ಕರ ಪರದೆಯೂ ನಿಂಗಾಜಮ್ಮನ ಮಗನೂ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಹಾಲಿನ ಡೇರಿಯ ಪುಟ್ಟಸಿದ್ದಪ್ಪನವರು. ಶನಿವಾರದ ಭಜನೆ ಮುಗಿದು, ಮಂಗಳಾರತಿಯಾಗಿ, ಚರುಪಿನ ಕಡಲೆಕಾಳು ಇನ್ನೂ ಅಂಗೈಯಲ್ಲಿ ಬೆಚ್ಚಗಿದ್ದಾಗ ಹೇಳಿದರು. ಹನುಮಂತರಾಯನ ಎದುರಿಗೇ ಕೂತು ಹೇಳಿದ್ದರಿಂದ ಸುಳ್ಳಿರಲಾರದು ಎಂದು ನಂಬಿದ್ದೇನೆ. ಸುಳ್ಳಿದ್ದರೆ ಅದು ಅವರಿಗೂ ಹನುಮಂತರಾಯನಿಗೂ ಬಿಟ್ಟದ್ದು.

ಬಾಚನಕೊಪ್ಪಲು ಎಂಬ ಊರು. ಆ ಊರಲ್ಲಿ ನಿಂಗಾಜಮ್ಮ ಎಂಬ ತಾಯಿ. ಆ ತಾಯಿಗೆ ಬೆಟ್ಟಯ್ಯ ಎಂಬ ಒಬ್ಬನೇ ಮಗ. ಆಳು ಬಾಗಿಲೆತ್ತರ ಬೆಳೆದಿದ್ದ. ತಲೆಯೊಳಗೆ ಏನನ್ನೋ ಹಾಕುವುದನ್ನು ಮರೆತು ದೇವರು ಮುಚ್ಚಳ ಮುಚ್ಚಿ ಕಳಿಸಿಬಿಟ್ಟಿದ್ದ, ಅಷ್ಟೆ. ಕೆಟ್ಟವನಲ್ಲ. ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಒಂದು ಸಲ ತಾಯಿ ಸಂತೆಗೆ ಹೊರಟವಳು, "ನಾನು ಬರೋ ತನಕ ಎಮ್ಮೆ ಹಗ್ಗ ಬಿಡಬೇಡ ಕಣೋ" ಅಂದಳು. ಎಮ್ಮೆ ಮೇಯಿತು, ಬಾಯಾರಿತು, ಕೆರೆಗೆ ಇಳಿಯಿತು. ಬೆಟ್ಟಯ್ಯನೂ ಇಳಿದ. ಎಮ್ಮೆ ಕತ್ತು ಮುಳುಗುವಷ್ಟು ನೀರಿನಲ್ಲಿ ಹಾಯಾಗಿ ನಿಂತಿತು. ಬೆಟ್ಟಯ್ಯನೂ ನಿಂತ. ಸಂಜೆ ತಾಯಿ ಎದೆ ಬಡಿದುಕೊಂಡು ಏರಿಯ ಮೇಲೆ ಓಡಿ ಬಂದರೆ, ನೀರಿನ ಮೇಲೆ ಎರಡು ತಲೆ ಕಾಣುತ್ತಿವೆ.

"ಬಿಟ್ಟಿಲ್ಲ ಕಣವ್ವಾ!" ಎಂದು ಒಂದು ತಲೆ ಕೂಗಿತು.

"ಅಯ್ಯೋ ನನ್ನ ಹೊಟ್ಟೆಯ ಕೂಸೇ!" ಎಂದು ನಿಂಗಾಜಮ್ಮ ಹಣೆ ಚಚ್ಚಿಕೊಂಡಳು.

ಇಂಥ ಮಗನನ್ನು ಕಟ್ಟಿಕೊಂಡ ನಿಂಗಾಜಮ್ಮನಿಗೆ ಬಾಳಿನಲ್ಲಿ ಒಂದೇ ಆಸೆ. ತಮ್ಮನ ಮಗಳು ಇಂದ್ರಾಣಿ ತನ್ನ ಮನೆಗೆ ಸೊಸೆಯಾಗಿ ಬರಬೇಕು. ತಮ್ಮ ಜವರಪ್ಪನಿಗೆ ಪೇಟೆಯಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ಅಂಗಡಿ. ಕಂಪ್ಯೂಟರ್ ಆಟದ ಅಂಗಡಿ. ಹುಡುಗರು ಬಂದು ಸಾಲಾಗಿ ಕೂತು, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಪರದೆಯೊಳಗೆ ಒಬ್ಬರನ್ನೊಬ್ಬರು ಗುಂಡಿಕ್ಕಿ ಕೊಂದು, ಆಮೇಲೆ ಒಟ್ಟಿಗೆ ಟೀ ಕುಡಿದು ಮನೆಗೆ ಹೋಗುತ್ತಿದ್ದರು. ಜವರಪ್ಪನ ಹೆಂಡತಿ ಚಿಕ್ಕತಾಯಮ್ಮ ಅವರಿಗೆ ಬೋಂಡಾ ಕರಿದು ಕೊಡುತ್ತಿದ್ದಳು. ಕೊಲ್ಲುವವರಿಗೂ ಹಸಿವು, ಸಾಯುವವರಿಗೂ ಹಸಿವು. ಬೋಂಡಾ ಚೆನ್ನಾಗಿಯೇ ಹೋಗುತ್ತಿತ್ತು.

ನಿಂಗಾಜಮ್ಮ ಹೋಗಿ ತಮ್ಮನ ಕೈ ಹಿಡಿದಳು. "ಜವರಾ, ನಿನ್ನ ಮಗಳನ್ನ ನನ್ನ ಮಗನಿಗೆ ಕೊಡೋ."

"ಅಕ್ಕ, ನಿನ್ನ ಮಾತು ತೆಗೆದುಹಾಕೋಕೆ ಆಗಲ್ಲ. ಆದರೆ ನಿನ್ನ ಮಗ..."

"ಏನಾಗಿದೆ ನನ್ನ ಮಗನಿಗೆ?"

"ಏನೂ ಆಗಿಲ್ಲ ಅಕ್ಕ, ಅದೇ ಯೋಚನೆ. ಇಷ್ಟು ವಯಸ್ಸಿಗೆ ಏನಾದರೂ ಆಗಬೇಕಿತ್ತು."

ಕೊನೆಗೆ ಜವರಪ್ಪನೇ ಒಂದು ದಾರಿ ಹೇಳಿದ. "ಅಂಗಡೀಲಿ ನಿಲ್ಲಿಸ್ಕೊಂಡು ನೋಡ್ತೀನಿ. ಕೆಲಸ ಕಲಿತ ಅಂದ್ರೆ ಮುಂದಿನ ಲಗ್ನದಲ್ಲೇ ತಾಳಿ. ಕಲೀಲಿಲ್ಲ ಅಂದ್ರೆ ನಮ್ಮ ತಿರುಮಲೇಶ ಇದ್ದೇ ಇದ್ದಾನೆ. ಆಟದಲ್ಲಿ ಈ ಪೇಟೆಗೇ ಒಂದನೇ ನಂಬರು. ಹದ್ದಿನ ಕಣ್ಣು ಅವನದು."

ಹದ್ದಿನ ಕಣ್ಣಿನವನು ಒಂದು ಕಡೆ, ಎಮ್ಮೆ ಹಗ್ಗದವನು ಒಂದು ಕಡೆ. ನಿಂಗಾಜಮ್ಮ ಮನೆದೇವರಿಗೆ ಮುಡಿಪು ಕಟ್ಟಿ ಮಗನನ್ನು ಬಸ್ ಹತ್ತಿಸಿದಳು.

ಬೆಟ್ಟಯ್ಯ ಹೋದ ದಿನವೇ ಅಂಗಡಿಗೆ ಒಂದು ಹೊಸ ಪರದೆ ಬಂತು. ಜವರಪ್ಪ ಅದನ್ನು ಹಳೆಯದೊಂದರ ಪಕ್ಕದಲ್ಲಿ ಕೂರಿಸಿ, ಅಳಿಯನಾಗಬೇಕಾದವನನ್ನು ಕರೆದು ವಿವರಿಸಿದ.

"ನೋಡಪ್ಪಾ, ಪರದೆ ಅಂದ್ರೆ ಒಂದೇ ಸಮ ಚಿತ್ರ ಬದಲಾಯಿಸ್ತಾನೇ ಇರ್ತದೆ. ಹಳೇದು ಸೆಕೆಂಡಿಗೆ ಅರುವತ್ತು ಸಲ. ಈ ಹೊಸದು ನೂರ ನಲವತ್ತನಾಲ್ಕು ಸಲ! ಅಷ್ಟು ಸಲ ಬದಲಾದ್ರೆ, ಓಡೋ ಮನುಷ್ಯ ನಮ್ಮ ಬೀದೀಲೇ ಓಡಿದಂಗೆ ಕಾಣ್ತಾನೆ. ಜನ ನಂಬಲ್ಲ. ಎಲ್ಲಾ ಬೂಟಾಟಿಕೆ, ಕಣ್ಣಿಗೆ ಏನೂ ಗೊತ್ತಾಗಲ್ಲ ಅಂತಾರೆ. ಬೇಕಾದ್ರೆ ನೀನೇ ಕೂತು ಎಣಿಸಿ ನೋಡು!"

ಇಂದ್ರಾಣಿ ಅಲ್ಲೇ ಇದ್ದಳು. ಅಂಗಡಿಯ ಯಂತ್ರಗಳ ಕೀಲು ಅಪ್ಪನಿಗಿಂತ ಅವಳಿಗೇ ಹೆಚ್ಚು ಗೊತ್ತು. "ಭಾವ, ಒಂದು ಮಾತು. ಕರೆಂಟು ಹೋಗಿ ಬಂದರೆ ಇದರ ಅಂಕಿ ಅರುವತ್ತಕ್ಕೆ ಇಳಿದಿರ್ತದೆ, ಅದೊಂದು ಚಾಳಿ ಇಂಥ ಪರದೆಗೆ. ಆಗ ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಮತ್ತೆ ನೂರ ನಲವತ್ತನಾಲ್ಕು ಮಾಡಬೇಕು. ಮಾಡು ನೋಡೋಣ."

ಬೆಟ್ಟಯ್ಯ ಒತ್ತಿದ. ಬಂತು. ಇಂದ್ರಾಣಿ ನಕ್ಕಳು. ಅವಳು ನಕ್ಕಿದ್ದಕ್ಕೆ ಬೆಟ್ಟಯ್ಯ ಅದನ್ನು ಜನ್ಮದಲ್ಲಿ ಮರೆಯಲಿಲ್ಲ.

ಅಪ್ಪ, ಮಗಳು ಊಟಕ್ಕೆ ಹೋದರು. ಬೆಟ್ಟಯ್ಯ ಚಿಕ್ಕತಾಯಮ್ಮನ ಅಡಿಗೆಮನೆಯಿಂದ ಒಂದು ಮೊರ ಹುಣಸೆಬೀಜ ತಂದು, ಹೊಸ ಪರದೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಎಣಿಸತೊಡಗಿದ. ಒಂದು ಸಲಕ್ಕೆ ಒಂದು ಬೀಜ. ಗಿರಾಕಿಗಳು ಬಂದರು.

"ಅಣ್ಣಾ, ಆಟಕ್ಕೆ ಕೂರಬೇಕು."

"ಶ್! ಎಣಿಕೆ ತಪ್ಪುತ್ತೆ!"

"ಅಣ್ಣಾ, ಯಾವ ಯಂತ್ರ ಖಾಲಿ?"

"ಶ್! ನಿಮ್ಮಿಂದ ಮತ್ತೆ ಒಂದರಿಂದ ಶುರು ಮಾಡಬೇಕು!"

ಬಂದವರೆಲ್ಲ ವಾಪಸು ಹೋದರು. ಜವರಪ್ಪ ಉಂಡು ಬಂದು ನೋಡುತ್ತಾನೆ: ಅಂಗಡಿ ಬಣಬಣ, ನೆಲದ ತುಂಬ ಹುಣಸೆಬೀಜ, ನಡುವೆ ಅಳಿಯ.

"ಮಾವ, ಇದು ಬಲು ಬೇಗ ಬದಲಾಗ್ತದೆ. ನೀವು ಸ್ವಲ್ಪ ನಿಧಾನ ಮಾಡಿ ಕೊಟ್ಟರೆ ಎಣಿಸಿಬಿಡ್ತೀನಿ."

ಸಂಜೆ ಸುದ್ದಿ ಫೋನಿನಲ್ಲಿ ನಿಂಗಾಜಮ್ಮನಿಗೆ ಮುಟ್ಟಿತು. ಮಗ ಬಸ್ಸಿಳಿದು ಹೊಸಿಲು ದಾಟುವುದರೊಳಗೆ ಶುರು ಮಾಡಿದಳು.

"ಅಯ್ಯೋ ನನ್ನ ಹೊಟ್ಟೆಯ ಕೂಸೇ! ಗಿರಾಕಿ ಬಂದಾಗ ಎಣಿಸ್ತಾ ಕೂರ್ತಾರೇನೋ? ಬಂದೋರನ್ನ ಮಾತಾಡಿಸಬೇಕು! ನಗನಗ್ತಾ 'ಅಣ್ಣಾ, ವ್ಯತ್ಯಾಸ ಕಂಡಿತಾ?' ಅಂತ ಕೇಳಬೇಕು! ಒಬ್ಬರನ್ನೂ ಬಿಡಬಾರದು!"

"ಆಗಲವ್ವ, ಹಂಗೇ ಮಾಡ್ತೀನಿ."

ಮಾಡಿದ. ಮಾರನೆಯ ದಿನ ಬಸ್ಸಿನಲ್ಲೇ ಶುರು ಮಾಡಿದ, ಒಬ್ಬರನ್ನೂ ಬಿಡಬಾರದಲ್ಲ! ಮುಂದಿನ ಸೀಟಿನಲ್ಲಿ ಮಧ್ಯವಯಸ್ಸಿನವನೊಬ್ಬ ತಲೆಗೆ ಹೊಸದಾಗಿ ಕಪ್ಪು ಹಚ್ಚಿಕೊಂಡು ಹೆಣ್ಣು ನೋಡಲು ಹೊರಟಿದ್ದ. ಬೆಟ್ಟಯ್ಯ ಬಗ್ಗಿ, ನಗನಗುತ್ತಾ, "ಅಣ್ಣಾ, ವ್ಯತ್ಯಾಸ ಕಂಡಿತಾ?" ಅಂದ. ಆತ ಗಾಬರಿಯಿಂದ ತಲೆ ಮುಟ್ಟಿಕೊಂಡು, "ಅಷ್ಟೊಂದು ಗೊತ್ತಾಗ್ತದೇನಯ್ಯಾ?" ಎಂದು ಮುಂದಿನ ನಿಲ್ದಾಣದಲ್ಲೇ ಇಳಿದು ಮನೆಗೆ ಹೋದ. ಒಂದು ಸಂಬಂಧ ಅಲ್ಲಿಗೆ ಮುರಿಯಿತು.

ಅಂಗಡಿಯಲ್ಲಿ ತಿರುಮಲೇಶ ಹೊಸ ಪರದೆಯ ಮುಂದೆ ಕೂತಿದ್ದ. ಬಂದೂಕು ಹಿಡಿದು ಒಂದು ಗೋಡೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಬೆಟ್ಟಯ್ಯ ಅವನ ಒಂದು ಕಿವಿಯಿಂದ ಹೆಡ್‌ಫೋನ್ ಎತ್ತಿ, "ಅಣ್ಣಾ, ವ್ಯತ್ಯಾಸ ಕಂಡಿತಾ?"

"ಏ, ಆಮೇಲೆ ಹೋಗೋ!"

ಬೆಟ್ಟಯ್ಯ ಇನ್ನೊಂದು ಕಿವಿಗೆ ಬಂದ. "ಈಗ ಕಂಡಿತಾ?"

"ಬಿಡೋ ಮಾರಾಯ!"

ಮುಖ ನೋಡದೆ ಕೇಳಿದ್ದಕ್ಕೆ ಹೇಳುತ್ತಿಲ್ಲವೇನೋ ಎಂದು ಬೆಟ್ಟಯ್ಯ ತನ್ನ ತಲೆಯನ್ನು ತಿರುಮಲೇಶನಿಗೂ ಪರದೆಗೂ ನಡುವೆ ತಂದು, ಹಲ್ಲು ಬಿಟ್ಟು, "ಅಣ್ಣಾ?" ಅಂದ. ಢಂ! ಢಂ!

"ಸತ್ತೆನಲ್ಲೋ ನಿನ್ನಿಂದ!"

"ಸತ್ತದ್ದರಲ್ಲಿ ಕಂಡಿತಾ ಅಣ್ಣಾ? ಹಳೇದರಲ್ಲಿ ಸತ್ತದ್ದಕ್ಕೂ ಇದರಲ್ಲಿ ಸತ್ತದ್ದಕ್ಕೂ?"

ತಿರುಮಲೇಶ ಹೆಡ್‌ಫೋನ್ ಕಿತ್ತು ಬಿಸಾಡಿ ಎದ್ದು ಹೋದ. ಸಂಜೆ ನಿಂಗಾಜಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಹೊಟ್ಟೆಯ ಕೂಸೇ! ಆಡೋರ ಮೈಮೇಲೆ ಬೀಳ್ತಾರೇನೋ? ಅವರು ಪೂಜೆಗೆ ಕೂತವರೆ ಅಂತ ತಿಳ್ಕೊ! ಗುಡೀಲಿ ಹೆಂಗಿರ್ತೀಯೋ ಹಂಗಿರು!"

"ಆಗಲವ್ವ, ಹಂಗೇ ಮಾಡ್ತೀನಿ."

ಗುಡಿಯಲ್ಲಿ ಹೇಗಿರಬೇಕು ಎಂಬುದು ಬೆಟ್ಟಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಮಡಿಪಂಚೆ ಉಟ್ಟ. ಗಿರಾಕಿಗಳ ಚಪ್ಪಲಿಯನ್ನೆಲ್ಲ ಹೊರಗೆ ಬಿಡಿಸಿದ. ಒಂದು ಜೊತೆಯಲ್ಲಿ ಒಂದನ್ನು ನಾಯಿ ಕಚ್ಚಿಕೊಂಡು ಹೋಯಿತು. ಊದುಬತ್ತಿ ಹಚ್ಚಿದ. ಉದ್ಧರಣೆ ಹಿಡಿದು ಸಾಲಿನಲ್ಲಿ ತೀರ್ಥ ಕೊಡುತ್ತಾ ಬಂದ. ಹುಡುಗರ ಬಲಗೈ ಮೌಸಿನ ಮೇಲೆ. ಎಡಗೈ ಚಾಚಿದರು.

"ಎಡಗೈಲಿ ತೀರ್ಥ ತಗೋತೀರಾ? ನರಕಕ್ಕೆ ಹೋಗ್ತೀರಾ!" ಎಂದು ಒಬ್ಬೊಬ್ಬರ ಬಲಗೈಯನ್ನೂ ಮೌಸಿನಿಂದ ಕಿತ್ತು ತೀರ್ಥ ಬಿಟ್ಟ. ಸಾಲಿನಲ್ಲಿ ಕೂತವರೆಲ್ಲ ಪರದೆಯೊಳಗೆ ಒಬ್ಬೊಬ್ಬರಾಗಿ ಸತ್ತರು. ತೀರ್ಥ ತಗೊಂಡು ಸತ್ತದ್ದರಿಂದ ಸದ್ಗತಿಯಾದರೂ ಆಗಿರಬೇಕು.

ಉಳಿದವನು ತಿರುಮಲೇಶ ಒಬ್ಬನೇ. ಮುನಿಸು ಮರೆತು ಮತ್ತೆ ಬಂದಿದ್ದ. ಆಟದ ಕೊನೆಯ ಘಟ್ಟ. ಬೇರೆ ಊರಿಂದ ಆಡುತ್ತಿದ್ದ ಇನ್ನೊಬ್ಬನನ್ನು ಪರದೆಯೊಳಗೆ ಹೊಡೆದರೆ ಗೆಲುವು. ಪಕ್ಕದ ತಟ್ಟೆಯಿಂದ ಒಂದು ಬೋಂಡಾ ತೆಗೆದು ಬಾಯಿಯ ಹತ್ತಿರ ತಂದ. ಬೆಟ್ಟಯ್ಯ ಕಂಡ. ದೇವರ ಮುಂದೆ ನೈವೇದ್ಯ! ನೈವೇದ್ಯದ ಹೊತ್ತಿನಲ್ಲಿ ತೆರೆ ಎಳೆಯದೆ ಇದ್ದರೆ ಆಗುತ್ತದೆಯೇ? ಹೆಗಲ ಮೇಲಿದ್ದ ಟವೆಲನ್ನು ಪರದೆಯ ಮೇಲೆ ಸರಕ್ಕನೆ ಎಳೆದು, ಕಣ್ಣು ಮುಚ್ಚಿ, ಗಂಟೆ ಬಾರಿಸಿದ.

ಟವೆಲಿನ ಹಿಂದೆ ಢಂ ಎಂದಿತು.

"ಏಯ್! ತೆಗೆಯೋ ಅದನ್ನ!"

"ನೈವೇದ್ಯ ಆಗಲಿ ಇರಣ್ಣಾ. ಬೋಂಡಾ ಪೂರ್ತಿ ತಿನ್ನು, ತೆಗೀತೀನಿ."

ಇಂದ್ರಾಣಿ ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಜವರಪ್ಪನಿಗೆ ನಗು ಬರಲಿಲ್ಲ. ಅಕ್ಕನಿಗೆ ಫೋನ್ ಮಾಡಿದ. "ಅಕ್ಕ, ಸಾಕು. ಭಾನುವಾರ ಪೇಟೆಯವರನ್ನೆಲ್ಲ ಕರೆದಿದ್ದೀನಿ. ತಿರುಮಲೇಶ ಹಳೇ ಪರದೇಲೂ ಹೊಸ ಪರದೇಲೂ ಆಡಿ, ವ್ಯತ್ಯಾಸ ಇದೆಯೋ ಇಲ್ಲವೋ ಅಂತ ಎಲ್ಲರೆದುರಿಗೆ ಹೇಳ್ತಾನೆ. ಇದೆ ಅಂದ್ರೆ ಗಿರಾಕಿ ನಂಬ್ತಾರೆ, ಅಂಗಡಿ ಎದ್ದು ನಿಲ್ತದೆ. ಆವತ್ತು ನಿನ್ನ ಮಗ ಯಂತ್ರ ಅಣಿ ಮಾಡಿ ಕೊಡಲಿ. ಏನಾದ್ರೂ ಎಡವಟ್ಟು ಮಾಡಿದ್ನೋ, ಅಲ್ಲೇ ತಿರುಮಲೇಶನಿಗೆ ತಾಂಬೂಲ ಕೊಟ್ಟುಬಿಡ್ತೀನಿ!"

ನಿಂಗಾಜಮ್ಮನ ಕಣ್ಣಲ್ಲಿ ನೀರು ಬಂತು. ಮಗನನ್ನು ಮುಂದೆ ಕೂರಿಸಿಕೊಂಡಳು. ಬೈಯಲಿಲ್ಲ. ಬೈಯುವಷ್ಟು ಶಕ್ತಿ ಉಳಿದಿರಲಿಲ್ಲ.

"ಮಗಾ, ಗುಡಿ ಬೇಡ. ಗಂಟೆ ಬೇಡ. ತಿನ್ನೋನ ಮುಂದೆ ತೆರೆ ಎಳೆಯೋದು ಬೇಡ. ಊಟಕ್ಕೆ ಕೂತ ಪಂಕ್ತಿ ಅಂತ ತಿಳ್ಕೊ. ಪಕ್ಕಪಕ್ಕ ಕೂತೋರಿಗೆ ಹೆಂಗೆ ಬಡಿಸ್ತೀವಿ? ಒಂದೇ ಸಮ. ಒಬ್ಬನಿಗೆ ಹೋಳಿಗೆ, ಪಕ್ಕದವನಿಗೆ ತಿಳಿಸಾರು ಅಂತ ಪಂಕ್ತಿಭೇದ ಮಾಡಿದರೆ ಏಳು ಜನ್ಮಕ್ಕೂ ಪಾಪ. ಸುಮ್ಮನೆ ಎಲ್ಲರಿಗೂ ಒಂದೇ ಸಮ ಮಾಡಿ, ಕೈಕಟ್ಟಿ ನಿಂತ್ಕೊ. ಇಷ್ಟು ಮಾಡ್ತೀಯೇನಪ್ಪಾ?"

"ಆಗಲವ್ವ, ಹಂಗೇ ಮಾಡ್ತೀನಿ."

ಭಾನುವಾರ ಬಂತು. ನಿಂಗಾಜಮ್ಮ ಕೂಡ ಮಗನ ಜೊತೆ ಬಂದು ಮೂಲೆಯಲ್ಲಿ ಕೂತಳು. ಅಂಗಡಿಯ ತುಂಬ ಜನ. ಕಿಟಕಿಯಲ್ಲೂ ತಲೆಗಳು. ಬೆಟ್ಟಯ್ಯ ಬೆಳಗ್ಗೆಯೇ ಬಂದು ಯಂತ್ರ ಅಣಿ ಮಾಡಿ, ಕೈಕಟ್ಟಿ ನಿಂತಿದ್ದ. ಗಂಟೆಯಿಲ್ಲ, ಊದುಬತ್ತಿಯಿಲ್ಲ, ಯಾರನ್ನೂ ಏನನ್ನೂ ಕೇಳಲಿಲ್ಲ. ನಿಂಗಾಜಮ್ಮ ದೇವರಿಗೆ ಮನಸ್ಸಿನಲ್ಲೇ ಇನ್ನೊಂದು ತೆಂಗಿನಕಾಯಿ ಹರಸಿಕೊಂಡಳು.

ತಿರುಮಲೇಶ ಮೊದಲು ಹಳೆಯ ಪರದೆಯ ಮುಂದೆ ಕೂತ. ಒಂದು ಆಟ ಆಡಿದ. ಮುಖ ಹುಳ್ಳಗೆ ಮಾಡಿ ಎದ್ದ.

"ಥೂ! ಗದ್ದೆ ಕೆಸರಲ್ಲಿ ಓಡಿದಂಗಾಯ್ತು."

ಆಮೇಲೆ ಹೊಸದರ ಮುಂದೆ ಕೂತ. ಬೆರಳು ನೆಟಿಕೆ ಮುರಿದ. ಆಡಿದ. ಅರ್ಧ ಆಟಕ್ಕೇ ತಲೆ ಅಲ್ಲಾಡಿಸತೊಡಗಿದ, ಸಂಗೀತ ಕೇಳುವವರ ಹಾಗೆ.

"ಅಬ್ಬಾ! ಅಬ್ಬಬ್ಬಾ! ಬೆಣ್ಣೆ! ಬೆಣ್ಣೆಯೊಳಗೆ ಕೈಯಾಡಿಸಿದಂಗೆ! ಎಲ್ಲಿಯ ಅರುವತ್ತು, ಎಲ್ಲಿಯ ನೂರ ನಲವತ್ತನಾಲ್ಕು! ಈ ಕಣ್ಣಿಗೆ ಕಾಣದೆ ಇರ್ತದಾ?"

"ಹೌದೌದು, ಬೆಣ್ಣೆ!" ಅಂದ ಹಿಂದೆ ನಿಂತವನು.

"ನಂಗೂ ಇಲ್ಲಿಂದಲೇ ಕಂಡಿತು!" ಅಂದ ಕಿಟಕಿಯವನು. ಅವನಿಗೆ ಕಾಣುತ್ತಿದ್ದದ್ದು ಪರದೆಯ ಬೆನ್ನು.

ಜವರಪ್ಪನ ಎದೆ ಉಬ್ಬಿತು. "ಕೇಳಿದ್ರಾ! ಬೆಟ್ಟಯ್ಯಾ, ನೀನೇ ಗಟ್ಟಿಯಾಗಿ ಹೇಳು. ಹಳೇದರ ಅಂಕಿ ಎಷ್ಟು?"

"ಅರುವತ್ತು ಮಾವ."

"ಹೊಸದರದು?"

"ಅದೂ ಅರುವತ್ತು ಮಾವ."

ಜವರಪ್ಪನ ಉಬ್ಬಿದ ಎದೆ ಅರ್ಧಕ್ಕೆ ಇಳಿಯಿತು.

"ಏನಂದೆ?"

"ಪಂಕ್ತಿಭೇದ ಮಾಡಬಾರದು ಅಂತ ಅವ್ವ ಹೇಳಿತ್ತು. ಹಳೇದನ್ನ ಮೇಲೆ ಏರಿಸೋಣ ಅಂತ ನೋಡಿದೆ, ಅದರಲ್ಲಿ ಅರುವತ್ತರ ಮೇಲೆ ಅಂಕಿನೇ ಇಲ್ಲ, ಪಾಪ. ಅದಕ್ಕೇ ಹೊಸದನ್ನ ಕೆಳಗಿಳಿಸಿದೆ. ಇಬ್ಬರಿಗೂ ಒಂದೇ ಸಮ ಬಡಿಸಿದೀನಿ ಮಾವ."

"ಅಯ್ಯೋ ನನ್ನ ಹೊಟ್ಟೆಯ ಕೂಸೇ!" ಎಂದು ಮೂಲೆಯಿಂದ ಕೂಗು ಬಂತು. ಜವರಪ್ಪ ತಲೆ ಹಿಡಿದುಕೊಂಡು ಕೂತ. ಜನ ಒಮ್ಮೆ ಬೆಟ್ಟಯ್ಯನ ಮುಖ ನೋಡಿದರು, ಒಮ್ಮೆ ತಿರುಮಲೇಶನ ಮುಖ ನೋಡಿದರು. ಹದ್ದಿನ ಕಣ್ಣು ನೆಲ ನೋಡುತ್ತಿತ್ತು. ಕಿಟಕಿಯವನು ಮೆಲ್ಲಗೆ ಕಿಟಕಿಯಿಂದ ಇಳಿದ.

ಇಂದ್ರಾಣಿ ಮುಂದೆ ಬಂದಳು. ಅಲ್ಲಿ ಒತ್ತಿ, ಇಲ್ಲಿ ಒತ್ತಿ, ಹೊಸದರ ಅಂಕಿಯನ್ನು ನೂರ ನಲವತ್ತನಾಲ್ಕಕ್ಕೆ ಏರಿಸಿದಳು. ಎರಡು ಪರದೆಯಲ್ಲೂ ಆಟದೊಳಗಿನ ಆಳನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಗಿರ್ರನೆ ತಿರುಗಿಸಿದಳು. ಹಳೆಯದರಲ್ಲಿ ಗೋಡೆಯ ಮೇಲಿನ ಬರಹ ಕಲಸಿಹೋಯಿತು. ಹೊಸದರಲ್ಲಿ ತಿರುಗುವಾಗಲೂ ಓದುವ ಹಾಗಿತ್ತು. ಜನ ಬಗ್ಗಿ ನೋಡಿದರು. ಈ ಸಲ ಯಾರೂ ಬೆಣ್ಣೆ ಅನ್ನಲಿಲ್ಲ. "ಹೂಂ" ಅಂದರು, ಅಷ್ಟೆ. ಕಂಡವರು ಅಷ್ಟೇ ಅನ್ನುವುದು.

"ತಿರುಮಲೇಶಣ್ಣಾ, ಈಗ?" ಅಂದಳು ಇಂದ್ರಾಣಿ.

"ಈಗ... ಸ್ವಲ್ಪ ಜಾಸ್ತಿ ಬೆಣ್ಣೆ."

"ಭಾವ, ನಿನಗೆ?"

ಬೆಟ್ಟಯ್ಯ ಎರಡನ್ನೂ ನೋಡಿದ. "ಆಗ ನನಗೇನೂ ಕಾಣಲಿಲ್ಲ ಇಂದ್ರಾಣಿ. ಈಗ ಕಾಣ್ತದೆ."

ಇಂದ್ರಾಣಿ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಆ ತಾಂಬೂಲದ ತಟ್ಟೆ ಒಳಗಿಡು. ಭಾವ ವ್ಯತ್ಯಾಸ ಇಲ್ಲದಾಗ ಇಲ್ಲ ಅಂದ, ಇದ್ದಾಗ ಇದೆ ಅಂದ. ಆ ಯಪ್ಪನ್ನ ಕಟ್ಟಿಕೊಂಡರೆ ನಾಳೆ ಉಪ್ಪು ಹಾಕದ ಸಾರಿಗೂ ಬೆಣ್ಣೆ ಅಂತಾನೆ, ಸಾರು ಕೆಟ್ಟಿದ್ದು ನನಗೆ ಯಾವತ್ತೂ ಗೊತ್ತಾಗಲ್ಲ. ನನಗೆ ಭಾವನೇ ಸಾಕು."

ನಿಂಗಾಜಮ್ಮ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು. ಅಂಗಡಿಗೂ ಒಳ್ಳೆಯದೇ ಆಯಿತು. ನಿಜವಾಗಿ ಕಂಡದ್ದನ್ನು ಜನ ನಾಲ್ಕು ಕಡೆ ಹೇಳಿದರು. ಜವರಪ್ಪ ಮಾತ್ರ ಅಳಿಯನ ಕಿವಿ ಹಿಡಿದು ಕೊನೆಯ ಬುದ್ಧಿ ಹೇಳಿದ.

"ಲೋ ಮಂಕೇ! ವ್ಯತ್ಯಾಸ ನೋಡೋದಂದ್ರೆ ಎರಡನ್ನೂ ಸಮ ಮಾಡೋದಲ್ಲ! ಹೊಸದು ತಗೊಳ್ಳೋವಾಗ ಪಕ್ಕದಲ್ಲೇ ಹಳೇದನ್ನಿಟ್ಟು, ಬೆಳಕಲ್ಲಿ ಹೋಲಿಸಿ ನೋಡಬೇಕು! ನೋಡಿ ಒಪ್ಪಿಗೆ ಆಯ್ತು ಅಂತ ಬಾಯಿಬಿಟ್ಟು ಹೇಳಬೇಕು! ಸಾಯೋ ತನಕ ನೆನಪಿಟ್ಕೊ!"

"ಆಗಲಿ ಮಾವ, ಹಂಗೇ ಮಾಡ್ತೀನಿ."

ಮದುವೆ ಬಂತು. ಚಪ್ಪರ, ವಾಲಗ, ನೆಂಟರು. ಹಸೆಮಣೆಯ ಮೇಲೆ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ, ನಡುವೆ ತೆರೆ ಹಿಡಿದರು. ತೆರೆ ಕಂಡ ಬೆಟ್ಟಯ್ಯ ಗಂಟೆಗಾಗಿ ಆಚೆ ಈಚೆ ನೋಡಿದ, ನಿಂಗಾಜಮ್ಮ ಹಿಂದಿನಿಂದ ಚಿವುಟಿದಳು, ಸುಮ್ಮನಾದ. ಪುರೋಹಿತರು ಮಂತ್ರ ಹೇಳಿ ತೆರೆ ಸರಿಸಿದರು. ಜೀರಿಗೆ ಬೆಲ್ಲ ಹಿಡಿದು ಇಂದ್ರಾಣಿ ತಲೆ ತಗ್ಗಿಸಿ ನಿಂತಿದ್ದಳು, ಮೈತುಂಬ ಹೊಸ ಸೀರೆ, ಹೊಸ ಬಳೆ, ಹೊಸ ಹೂವು. ಎಲ್ಲಾ ಹೊಸದು.

"ತಡೀರಿ ಸ್ವಾಮಿ!" ಅಂದ ಬೆಟ್ಟಯ್ಯ.

ವಾಲಗ ನಿಂತಿತು.

"ಅತ್ತೆ, ಸ್ವಲ್ಪ ಇತ್ಲಾಗೆ ಬನ್ನಿ."

ಅಕ್ಷತೆ ಹಿಡಿದು ನಿಂತಿದ್ದ ಚಿಕ್ಕತಾಯಮ್ಮ ಏನೋ ಶಾಸ್ತ್ರವಿರಬೇಕು ಎಂದು ಮುಂದೆ ಬಂದಳು.

"ಇಂದ್ರಾಣಿ ಪಕ್ಕದಲ್ಲಿ ನಿಂತ್ಕೊಳಿ. ಇನ್ನೂ ಹತ್ತಿರ. ಮುಖ ಬೆಳಕಿಗೆ ಮಾಡಿ."

ಬೆಟ್ಟಯ್ಯ ಹೆಣ್ಣನ್ನು ನೋಡಿದ. ಅತ್ತೆಯನ್ನು ನೋಡಿದ. ಕತ್ತು ವಾಲಿಸಿ ಮತ್ತೆ ಅತ್ತೆಯನ್ನು ನೋಡಿದ. ಆಮೇಲೆ ಚಪ್ಪರವೆಲ್ಲ ಕೇಳುವ ಹಾಗೆ, "ನೋಡಿದೆ ಮಾವ! ಹಳೇದನ್ನ ಪಕ್ಕದಲ್ಲಿಟ್ಟು ನೋಡಿದೆ! ವ್ಯತ್ಯಾಸ ಚೆನ್ನಾಗಿ ಕಾಣ್ತದೆ! ನನಗೆ ಹೊಸದೇ ಒಪ್ಪಿಗೆ!" ಅಂದ.

ಚಿಕ್ಕತಾಯಮ್ಮ ಕೈಯಲ್ಲಿದ್ದ ಅಕ್ಷತೆಯನ್ನೆಲ್ಲ ಒಂದೇ ಬೀಸಿಗೆ ಅವನ ಮುಖಕ್ಕೆ ಎರಚಿದಳು. ಅತ್ತೆಯೇ ಅಕ್ಷತೆ ಹಾಕಿದ್ದಾಳೆ, ಮುಹೂರ್ತ ಬಂದಿರಬೇಕು ಎಂದುಕೊಂಡ ವಾಲಗದವರು ಗಟ್ಟಿಮೇಳ ಬಾರಿಸಿಬಿಟ್ಟರು. ಮೇಳ ಕೇಳಿದ ನೆಂಟರೂ ಅಕ್ಷತೆ ಎರಚಿದರು. ಮೇಳ ಬಾರಿಸಿದಾಗ ತಾಳಿ ಕಟ್ಟಬೇಕು ಎಂದು ಅವ್ವ ಹೇಳಿದ್ದಳಲ್ಲ, ಬೆಟ್ಟಯ್ಯ ಕಟ್ಟಿಯೇಬಿಟ್ಟ. ಇಂದ್ರಾಣಿಯ ಹೆಗಲು ನಗುವಿನಿಂದ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದು ನೆಂಟರು ಕಣ್ಣೊರೆಸಿಕೊಂಡರು.

ಕೇಳಿದಿರಲ್ಲ, ಇನ್ನು ಈ ಕತೆ ನಿಮ್ಮದು. ನಿಮ್ಮ ಮನೆಯ ಹುಡುಗರು ಪರದೆಯ ಮುಂದಿಂದ ಏಳುವ ಹೊತ್ತು ನೋಡಿಕೊಂಡು ಅವರಿಗೆ ಹೇಳಿ. ಅವರು ಇನ್ನೊಬ್ಬರಿಗೆ ಹೇಳಲಿ. ನಿಮಗೆ ತೋಚಿದ ಒಂದೆರಡು ಮಾತು ಸೇರಿಸಿದರೂ ಪುಟ್ಟಸಿದ್ದಪ್ಪನವರು ಬೇಸರಪಡುವುದಿಲ್ಲ. ಕೇಳುವವರಲ್ಲಿ ನಿಮ್ಮ ಅತ್ತೆಯವರಿದ್ದರೆ ಮಾತ್ರ ಮದುವೆಯ ಭಾಗ ಬಿಟ್ಟು, ಪಂಕ್ತಿಭೇದಕ್ಕೇ ನಿಲ್ಲಿಸಿಬಿಡಿ.